ಗಿರಿಯಪ್ಪನ ಕಡೆಯವರು

ಹರಿಣಾಕ್ಷಿ ತನ್ನ ಬರಿಯ, ಅಂದರೆ ತಾಯಿಯ ಕುಲದ, ಹೆಂಗಸರನ್ನೆಲ್ಲ ಒಂದು ವ್ಯಾನಿನಲ್ಲಿ ತುಂಬಿಸಿಕೊಂಡು ಪರೀಕ್ಷೆಗೆ ರಕ್ತ ಕೊಡಿಸಲು ಹೊರಟ ಬೆಳಿಗ್ಗೆ ಹೊಸಬೆಟ್ಟಿನ ಆ ಓಣಿಯಲ್ಲಿ ದಿಬ್ಬಣ ಹೊರಟಷ್ಟೇ ಗಲಾಟೆ ಇತ್ತು. ಅಕ್ಕ ಬಂದಿದ್ದಳು, ತಂಗಿಯರು ಬಂದಿದ್ದರು, ಅವರ ಹೆಣ್ಣುಮಕ್ಕಳೂ ಬಂದಿದ್ದರು. ಅವರಲ್ಲಿ ಒಬ್ಬಳಂತೂ ಮಲ್ಲಿಗೆ ಮುಡಿದು ಬಂದಿದ್ದಳು.

“ಆಸ್ಪತ್ರೆಗೆ ಹೋಗುವುದು ಮಾರಾಯ್ತಿ, ಸೀಮಂತಕ್ಕಲ್ಲ,” ಎಂದು ಹರಿಣಾಕ್ಷಿ ಗದರಿದಳು. ಸುರತ್ಕಲ್ ಮಾರ್ಕೆಟಿನಲ್ಲಿ ಕೂತು ಮೀನು ಮಾರಿದ ಗಂಟಲು ಅದು. ಮೆಲ್ಲಗೆ ಮಾತಾಡಿದರೂ ಹೆದ್ದಾರಿಗೆ ಕೇಳುತ್ತಿತ್ತು.

“ಹೂವು ಕಂಡ್ರೆ ಸೂಜಿ ಚುಚ್ಚುವವರು ಸ್ವಲ್ಪ ಮೆಲ್ಲ ಚುಚ್ತಾರೆ ಚಿಕ್ಕಮ್ಮ,” ಎಂದಳು ಆ ಹುಡುಗಿ. ಎಲ್ಲರೂ ನಕ್ಕರು. ನಗಲು ಏನಾದರೊಂದು ಬೇಕಾಗಿತ್ತು ಅವರಿಗೆ.

ಗಿರಿಯಪ್ಪ ಗೇಟಿನ ಹತ್ತಿರ, ಅರ್ಧ ರಿಪೇರಿಯಾದ ಬಲೆಯನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ. “ನಾನೂ ಬರ್ಬೇಕಾ?” ಎಂದು ಕೇಳಿದ.

“ನೀವು ಎಂತಕ್ಕೆ? ಇದು ನಮ್ಮ ಬರಿಯ ವಿಷಯ. ನೀವು ಅಕ್ಷಿತಳ ಹತ್ತಿರ ಕೂತ್ಕೊಳ್ಳಿ. ಗಂಜಿ ಒಲೆಯ ಮೇಲುಂಟು.”

ಈ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಕಡಲ ದಂಡೆಯ ಈ ಜನರಲ್ಲಿ ಕುಲದ ಬಳ್ಳಿ ಹಬ್ಬುವುದು ತಾಯಿಯಿಂದ. ಅದನ್ನೇ ಬರಿ ಎನ್ನುವುದು. ಹರಿಣಾಕ್ಷಿ ಸಾಲಿಯಾನ್, ಆದ್ದರಿಂದ ಮಗ ಕಮಲೇಶನೂ ಸಾಲಿಯಾನ್, ಮಗಳು ಅಕ್ಷಿತಳೂ ಸಾಲಿಯಾನ್. ಗಿರಿಯಪ್ಪ ಕುಂದರ್, ಆ ಮನೆಯಲ್ಲಿ ಅವನೊಬ್ಬನೇ ಕುಂದರ್. ಮನೆ ಕಟ್ಟಿಸಿದವನು ಅವನೇ, ಮೀನುಬಂದರಿನ ದಕ್ಕೆಯಿಂದ ಬೋಟು ಬಿಡಿಸಿಕೊಂಡು ಹೋಗಿ ವಾರಗಟ್ಟಲೆ ಕಡಲಲ್ಲಿ ಬೋಟು ನಡೆಸುವ ತಾಂಡೇಲನಾಗಿ ದುಡಿದವನೂ ಅವನೇ. ಆದರೆ ದೈವದ ಮುಂದೆ ಕುಟುಂಬದವರು ಸಾಲಾಗಿ ನಿಂತಾಗ ಅವನು ಸ್ವಲ್ಪ ಈಚೆ, ಚಪ್ಪಲಿಗಳ ಹತ್ತಿರ ನಿಲ್ಲುತ್ತಿದ್ದ. “ನಾನು ಈ ಮನೆಯ ಬಾಡಿಗೆದಾರ ಮಾರಾಯ,” ಎಂದು ಬೋಟಿನವರ ಹತ್ತಿರ ತಮಾಷೆ ಮಾಡುತ್ತಿದ್ದ.

ಅವನಿಗೆ ತನ್ನದೆಂದು ಇದ್ದದ್ದು ಒಂದು ತಲೆ. ಎಂಥ ತಲೆ ಅದು! ಮದುವೆಯ ದಿನ ಮುಂಡಾಸಿನ ಬಟ್ಟೆ ಸಾಲದೆ ಭಾವನ ಶಾಲನ್ನು ಜೋಡಿಸಿ ಸುತ್ತಿದ್ದರು. ಬೋಟಿನಲ್ಲಿ ಅವನ ಹೆಸರೇ ಮಂಡೆ ತಾಂಡೇಲ. ಸುರತ್ಕಲ್ ಜಂಕ್ಷನ್ನಿನಲ್ಲಿ ಪೊಲೀಸರು ಹೆಲ್ಮೆಟ್ ಎಲ್ಲಿ ಎಂದು ಹಿಡಿದಾಗ, “ಈ ಮಂಡೆಗೆ ಆಗುವಂಥದ್ದು ನೀವೇ ಒಂದು ತಂದುಕೊಡಿ ಸಾರ್, ನಾಳೆಯಿಂದ ಹಾಕ್ತೇನೆ,” ಎಂದಿದ್ದ. ಪೊಲೀಸ್ ತನ್ನದನ್ನೇ ತೆಗೆದು ಇಟ್ಟು ನೋಡಿ, ಅದು ಹಣೆಯ ಮೇಲೇ ನಿಂತದ್ದನ್ನು ಕಂಡು, ಹೋಗಿ ಎಂದು ಬಿಟ್ಟಿದ್ದನಂತೆ. ಮಗ ಕಮಲೇಶನದೂ ಅದೇ ತಲೆ, ಮಗಳು ಅಕ್ಷಿತಳದೂ ಅದೇ. ಕಮಲೇಶನ ಮಗಳು ಮಾನ್ಯಾ ಹುಟ್ಟಿದಾಗ ನರ್ಸ್ ಮಗುವನ್ನು ಕೈಗಿಟ್ಟು, “ತಲೆ ಮೊದಲು ಬಂದು ಆಮೇಲೆ ಮಗು ಬಂತು,” ಎಂದು ನಕ್ಕಿದ್ದಳು. ಗಿರಿಯಪ್ಪ ಆ ದಿನ ದಕ್ಕೆಯವರಿಗೆಲ್ಲ ಚಾ ಕುಡಿಸಿದ್ದ.

ಈಗ ಅಕ್ಷಿತ ಒಳಗೆ ಮಂಚದ ಮೇಲೆ ಮಲಗಿದ್ದಳು. ಕೊಡಿಯಾಲ್‌ಬೈಲಿನ ಆಫೀಸಿಗೆ ಹೋಗಿ ಬರುತ್ತಿದ್ದ ಹುಡುಗಿ. ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ಐದು ವರ್ಷದ ಹಿಂದೆ ಕುತ್ತಿಗೆಯಲ್ಲಿ ಥೈರಾಯ್ಡಿನ ಗಂಟೊಂದು ಎದ್ದು, ಅದನ್ನು ತೆಗೆಸಿ, ಕ್ಯಾನ್ಸರ್ ಅಲ್ಲ ಎಂದು ಡಾಕ್ಟರು ಹೇಳಿ, ಎಲ್ಲರೂ ಉಸಿರು ಬಿಟ್ಟಿದ್ದರು. ಈ ಬಾರಿ ಬಂದದ್ದು ಎದೆಯಲ್ಲಿ. ಗೊತ್ತಾಗುವಾಗ ಲಿವರಿಗೂ ಬೆನ್ನುಮೂಳೆಗೂ ಇಳಿದಾಗಿತ್ತು.

ಇಷ್ಟು ಚಿಕ್ಕ ಪ್ರಾಯಕ್ಕೆ ಯಾಕೆ ಬಂತು ಎಂದು ಆಸ್ಪತ್ರೆಯವರು ಅವಳ ರಕ್ತವನ್ನು ದೂರ ಕಳಿಸಿ ನೋಡಿಸಿದ್ದರು. ಹೆಲನ್ ಮೇಡಂ ಎಂದು ಒಬ್ಬರಿದ್ದರು ಅಲ್ಲಿ, ಬಿಕರ್ನಕಟ್ಟೆಯವರು, ವಂಶದಲ್ಲಿ ಇಳಿದು ಬರುವ ಕಾಯಿಲೆಗಳ ಬಗ್ಗೆ ಮನೆಯವರನ್ನು ಕೂರಿಸಿ ಮಾತಾಡುವುದೇ ಅವರ ಕೆಲಸ. ಅಕ್ಷಿತಳ ಒಂದು ಜೀನಿನಲ್ಲಿ ಹುಟ್ಟುವಾಗಲೇ ದೋಷ ಇತ್ತು, ಅದು ತಂದೆಯಿಂದಲೋ ತಾಯಿಯಿಂದಲೋ ಬಂದಿರಬಹುದು, ಹಾಗೆ ಬಂದಿದ್ದರೆ ಮನೆಯ ಬೇರೆಯವರಲ್ಲೂ ಇರಬಹುದು ಎಂದು ಅವರು ಹೇಳಿದ್ದರು. ಮೊದಲೇ ಗೊತ್ತಾದರೆ ವರ್ಷವರ್ಷ ಪರೀಕ್ಷೆ ಮಾಡಿ, ಬಂದರೂ ಚಿಕ್ಕದಿರುವಾಗಲೇ ಹಿಡಿಯಬಹುದು. ತಂದೆ ತಾಯಿ ಇಬ್ಬರೂ ಬನ್ನಿ, ಆಮೇಲೆ ಹತ್ತಿರದ ಸಂಬಂಧಿಕರನ್ನು ನೋಡುವ ಎಂದಿದ್ದರು.

ಹರಿಣಾಕ್ಷಿ ಎಲ್ಲವನ್ನೂ ಸರಿಯಾಗಿಯೇ ಕೇಳಿಸಿಕೊಂಡಿದ್ದಳು. ವಂಶ ಎಂದ ಕೂಡಲೇ ಅವಳಿಗೆ ಕಂಡದ್ದು ತನ್ನ ತಾಯಿ, ತಾಯಿಯ ತಾಯಿ, ಅಕ್ಕತಂಗಿಯರು. ಹತ್ತಿರದವರಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತಾ ಎಂದು ಕೇಳಿದಾಗ ಅವಳು ದೈವದ ಆಣೆ ಹಾಕಿ ಇಲ್ಲ ಎಂದಿದ್ದಳು. ಅದು ಸುಳ್ಳೇನೂ ಆಗಿರಲಿಲ್ಲ.

ವರದಿ ಬಂತು. ಬರಿಯಲ್ಲಿ ಒಬ್ಬರಿಗೂ ಇಲ್ಲ. ಹರಿಣಾಕ್ಷಿ ಆಸ್ಪತ್ರೆಯಿಂದ ನೇರ ಬಿಕರ್ನಕಟ್ಟೆಯ ಚರ್ಚಿಗೆ ಹೋಗಿ ಬಾಲಯೇಸುವಿನ ಮುಂದೆ ಮೇಣದಬತ್ತಿ ಹಚ್ಚಿದಳು, ಊರಿಗೆ ಬಂದು ದೈವಕ್ಕೆ ಎಣ್ಣೆ ಕೊಟ್ಟಳು, ತಂಗಿಯರಿಗೆಲ್ಲ ಫೋನು ಮಾಡಿ ನಕ್ಕಳು. ಆಮೇಲೆ ಮಗಳ ಕೋಣೆಯ ಬಾಗಿಲಿಗೆ ಬಂದವಳು ನಕ್ಕಿದ್ದಕ್ಕೆ ನಾಚಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು.

“ಅಮ್ಮ, ಒಳಗೆ ಬಾ,” ಎಂದಳು ಅಕ್ಷಿತ. “ಖುಷಿಪಡು. ನಾನೂ ಖುಷಿಪಡ್ತಿದ್ದೇನೆ.”

*

ಮುಂದಿನ ಸಲ ಕೀಮೋಗೆ ಹೋಗುವಾಗ ಹರಿಣಾಕ್ಷಿಗೆ ಜ್ವರ. ಹಾಗಾಗಿ ಗಿರಿಯಪ್ಪ ಮಗಳ ಜೊತೆ ಹೋದ. ಅಕ್ಷಿತ ಒರಗು ಕುರ್ಚಿಯಲ್ಲಿ ಡ್ರಿಪ್ ಹಾಕಿಸಿಕೊಂಡು ಕೂತಿದ್ದಳು, ಅವನು ಪಕ್ಕದಲ್ಲಿ ಸ್ಟೂಲಿನ ಮೇಲೆ. ಹೆಲನ್ ಮೇಡಂ ಆ ದಾರಿಯಲ್ಲಿ ಹೋಗುತ್ತಿದ್ದವರು ನಿಂತು, ಹಿಂದೆ ಬಂದರು. ಅವನ ತಲೆಯನ್ನೇ ನೋಡುತ್ತಿದ್ದರು.

“ನೀವು ಅಕ್ಷಿತಳ ತಂದೆಯಾ? ನಿಮ್ಮನ್ನು ಕರೆಸಿ ಅಂತ ಮನೆಗೆ ಎಷ್ಟು ಫೋನು ಮಾಡಿದ್ದೇನೆ.”

“ಹೌದಾ? ನನಗೆ ಯಾರೂ ಹೇಳ್ಲಿಲ್ಲ ಮೇಡಂ. ನನ್ನಿಂದ ಎಂತ ಕೆಲಸ?”

“ಅಣ್ಣ, ನಿಮ್ಮ ತಲೆಯ ಅಳತೆ ತೆಗೀಬಹುದಾ?”

“ಟೊಪ್ಪಿ ಹೊಲಿಸ್ಲಿಕ್ಕಾ? ಬಟ್ಟೆ ಸಾಲುವುದಿಲ್ಲ, ಈಗಲೇ ಹೇಳ್ತೇನೆ.”

ದರ್ಜಿಯ ಹತ್ತಿರ ಇರುವಂಥದ್ದೇ ಟೇಪು. ಹೆಲನ್ ಅದನ್ನು ಹಣೆಯ ಸುತ್ತ ಹಿಡಿದು ನೋಡಿದರು, ಸ್ವಲ್ಪ ಕೆಳಗೆ ಇಳಿಸಿ ಮತ್ತೆ ನೋಡಿದರು.

“ಮೇಡಂ, ಟೇಪು ಸಾಲದಿದ್ರೆ ಬೋಟಿನ ಹಗ್ಗ ತರಿಸ್ತೇನೆ,” ಎಂದಳು ಅಕ್ಷಿತ ಕುರ್ಚಿಯಿಂದ. ಅವಳ ತುಟಿ ಒಣಗಿತ್ತು, ಆದರೂ ತಂದೆಯನ್ನು ಕೆಣಕುವ ಅವಕಾಶ ಸಿಕ್ಕಾಗ ಬಿಡುವವಳಲ್ಲ.

ಹೆಲನ್ ಅವನ ಮೂಗಿನ ಸುತ್ತ ಇದ್ದ ಸಾಸಿವೆ ಗಾತ್ರದ ಗುಳ್ಳೆಗಳನ್ನು ನೋಡಿದರು. ಬಾಯಿ ತೆರೆಸಿ ಒಸಡಿಗೆ ಟಾರ್ಚು ಬಿಟ್ಟರು. ಒಸಡು ನುಣ್ಣಗಿರಲಿಲ್ಲ, ಸಣ್ಣ ಕಲ್ಲು ಹಾಸಿದ ಹಾಗೆ ಇತ್ತು. ಅದು ಹುಟ್ಟಿನಿಂದ ಹಾಗೆಯೇ ಎಂದ ಅವನು. ಆಗ ಹೆಲನ್ ಇನ್ನೊಂದು ಸ್ಟೂಲು ಎಳೆದುಕೊಂಡು ಎದುರು ಕೂತು, “ನಿಮ್ಮ ಕಡೆಯವರ ಬಗ್ಗೆ ಸ್ವಲ್ಪ ಹೇಳಿ ಅಣ್ಣ,” ಎಂದರು.

ಗಿರಿಯಪ್ಪನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಮದುವೆಯಾದ ಮೇಲೆ ಯಾರೂ ಅವನ ಹತ್ತಿರ ಹೀಗೆ ಕೇಳಿರಲಿಲ್ಲ. ಹರಿಣಾಕ್ಷಿಯ ಅಜ್ಜಿಯ ಅಜ್ಜಿಯ ಹೆಸರು ಅವನಿಗೆ ಬಾಯಿಪಾಠ ಬರುತ್ತಿತ್ತು. ಅವನ ತಾಯಿಯ ಹೆಸರು ಅವನ ಮಕ್ಕಳಿಗೆ ಗೊತ್ತಿತ್ತೋ ಇಲ್ಲವೋ.

“ನನ್ನ ಕಡೆಯವರಾ? ಹೇಳ್ತೇನೆ, ಎಂತಕ್ಕೆ ಹೇಳದೆ? ನನ್ನ ಅಮ್ಮನ ಮಂಡೆ ನನಗಿಂತ ದೊಡ್ಡದು. ಮಲ್ಪೆಯಲ್ಲಿ ಮೀನಿನ ಬುಟ್ಟಿ ಹೊರುವಾಗ ಬೇರೆ ಹೆಂಗಸರಿಗೆಲ್ಲ ಸಿಂಬೆ ಬೇಕು, ನನ್ನ ಅಮ್ಮನಿಗೆ ಬೇಡ. ಬುಟ್ಟಿ ಸುಮ್ಮನೆ ಕೂತ್ಕೊಳ್ತಿತ್ತು, ಕಲ್ಲಿನ ಮೇಲೆ ಕೂತ ಹಾಗೆ. ಎರಡು ಕೈ ಬೀಸಿಕೊಂಡು ಓಡ್ತಿದ್ಲು ಮೇಡಂ, ಬಸ್ಸು ಹಿಡೀಲಿಕ್ಕೆ.”

“ಅಕ್ಕತಂಗಿಯರು?”

“ಒಬ್ಬಳೇ. ಹೇಮಾಕ್ಷಿ. ಚಂದದವಳು. ಅವಳಿಗೂ ಕುತ್ತಿಗೆಯಲ್ಲಿ ಒಂದು ಗಂಟಿತ್ತು. ಸರ ಹಾಕಿದ್ರೆ ಆ ಗಂಟಿನ ಮೇಲೆ ಬಂದು ಕೂತ್ಕೊಳ್ತಿತ್ತು, ಪೆಟ್ಟಿಗೆಯಲ್ಲಿ ಇಟ್ಟ ಹಾಗೆ ಕಾಣ್ತಿತ್ತು. ಊರವರು ಕಣ್ಣು ಹಾಕ್ತಿದ್ರು.” ಗಿರಿಯಪ್ಪ ಮಗಳ ಕಡೆ ತಿರುಗಿ, “ನೀನು ನಕ್ಕಾಗ ಅವಳೇ ಕಾಣುವುದು, ಗೊತ್ತುಂಟಾ?” ಎಂದ. ಅವನ ಮುಖ ಅರಳಿತ್ತು.

“ಅವರು ಈಗ?”

“ಇಲ್ಲ. ಹೆಂಗಸರ ಕಾಯಿಲೆ, ಗರ್ಭಕೋಶದ್ದು. ನಲವತ್ತು ಆಗಿರ್ಲಿಲ್ಲ.”

“ತಾಯಿ?”

“ಎದೆಯಲ್ಲಿ ಹುಣ್ಣು. ಆ ಕಾಲದಲ್ಲಿ ಎಂತ ಆಸ್ಪತ್ರೆ? ಸೊಪ್ಪು ಅರೆದು ಹಾಕ್ತಿದ್ರು. ಅಮ್ಮನ ತಮ್ಮ ಒಬ್ಬ ಇದ್ದ, ಅವನ ಕಥೆ ಕೇಳಿದ್ರೆ ನೀವು ನಗ್ತೀರಿ, ಅವನು ಒಮ್ಮೆ ಬೋಟಿನಲ್ಲಿ...”

ಅವನು ಆ ಮಾವನ ಕಥೆಯನ್ನು ಅರ್ಧದವರೆಗೆ ಹೇಳಿಕೊಂಡು ಹೋದ. ಆಮೇಲೆ ಕಂಡಿತು, ಹೆಲನ್ ನಗುತ್ತಿಲ್ಲ, ಬರೆಯುತ್ತಲೂ ಇಲ್ಲ. ಪೆನ್ನಿಗೆ ಮುಚ್ಚಳ ಹಾಕಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಮಗಳ ಕಡೆ ನೋಡಿದ. ಅಕ್ಷಿತ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆಯಿಂದಲ್ಲ. ಮಾವ ಬೋಟಿನಲ್ಲಿ ಎಂತ ಮಾಡಿದ ಎಂದು ಯಾರೂ ಕೇಳಲಿಲ್ಲ.

“ಇದನ್ನೆಲ್ಲ ಮೊದಲೇ ಯಾಕೆ ಹೇಳ್ಲಿಲ್ಲ ಅಣ್ಣ?” ಎಂದರು ಹೆಲನ್, ಬಹಳ ಮೆಲ್ಲಗೆ.

“ಯಾರೂ ಕೇಳ್ಲಿಲ್ಲ ಮೇಡಂ.”

ದೊಡ್ಡ ತಲೆ ಇದ್ದವರಿಗೆಲ್ಲ ಈ ದೋಷ ಇರುತ್ತದೆ ಎಂದಲ್ಲ, ತಲೆಯಿಂದ ಕ್ಯಾನ್ಸರ್ ಬರುವುದೂ ಅಲ್ಲ ಎಂದು ಅವರು ಬಿಡಿಸಿ ಹೇಳಿದರು. ಆ ಜೀನಿನ ದೋಷ ಇದ್ದವರಲ್ಲಿ ತಲೆ ದೊಡ್ಡದಾಗುವುದು, ಮುಖದಲ್ಲಿ ಇಂಥ ಗುಳ್ಳೆಗಳು, ಕುತ್ತಿಗೆಯ ಗಂಟು, ಇವೆಲ್ಲ ಕಾಣಿಸಿಕೊಳ್ಳುವುದುಂಟು. ಹೊರಗಿನಿಂದ ಕಾಣುವ ಗುರುತು ಅಷ್ಟೇ. ರಕ್ತ ನೋಡದೆ ಏನೂ ಹೇಳಲಾಗದು. ಗಿರಿಯಪ್ಪ ಅಂಗಿಯ ತೋಳು ಮಡಚಿ ಕೈ ಚಾಚಿದ.

ಮನೆಗೆ ಹೋಗುವಾಗ ಆಟೋದಲ್ಲಿ ಅಕ್ಷಿತ ಅವನ ಭುಜಕ್ಕೆ ಒರಗಿದ್ದಳು. ಗಿರಿಯಪ್ಪನಿಗೆ ಹೇಮಾಕ್ಷಿ ಸತ್ತ ದಿನ ನೆನಪಾಯಿತು. ಮಲ್ಪೆಯಲ್ಲಿ ತಂಗಿಯನ್ನು ಸುಟ್ಟು, ಒಬ್ಬನೇ ಬಸ್ಸಿನಲ್ಲಿ ಬಂದು, ಜಗಲಿಯಲ್ಲಿ ಕೂತು ಗಂಜಿ ಉಣ್ಣುತ್ತಿದ್ದ. ಅವನಿಗೆ ಸೂತಕ; ಬೇರೆ ಬರಿಯವರಾದ ಹೆಂಡತಿ ಮಕ್ಕಳಿಗೆ ಸೂತಕವಿಲ್ಲ. ಒಳಗೆ ಬಂಗುಡೆ ಮೀನು ಕಾಯಿಸುತ್ತಿದ್ದರು. ಪುಟ್ಟ ಅಕ್ಷಿತ ಒಂದು ತುಂಡು ಹಿಡಿದುಕೊಂಡು ಓಡಿ ಬಂದು, “ಪಪ್ಪ, ತಿನ್ನಿ,” ಎಂದಿದ್ದಳು. ಹರಿಣಾಕ್ಷಿ ಹಿಂದಿನಿಂದ ಬಂದು ಅವಳ ರಟ್ಟೆ ಹಿಡಿದು, “ಪಪ್ಪನ ಕಡೆಯವರು ಯಾರೋ ತೀರಿಕೊಂಡದ್ದು ಮಗಾ. ನಮಗಲ್ಲ,” ಎಂದು ಒಳಗೆ ಕರೆದುಕೊಂಡು ಹೋಗಿದ್ದಳು. ಅದರಲ್ಲೂ ಕೊಂಕೇನೂ ಇರಲಿಲ್ಲ. ಎಲ್ಲರ ಮನೆಯಲ್ಲೂ ಹಾಗೆಯೇ.

*

ವರದಿ ಕೇಳಲು ಗಿರಿಯಪ್ಪ ಒಬ್ಬನೇ ಹೋದ. ಆ ದೋಷ ಅವನದ್ದೇ. ಹೆಲನ್ ಬಾಗಿಲು ಮುಚ್ಚಿ ಹೇಳಿದರು. ಇದು ನೀವು ಮಾಡಿದ ತಪ್ಪಲ್ಲ, ನಿಮಗೂ ನಿಮ್ಮ ತಾಯಿಯಿಂದ ಬಂದದ್ದು, ತಾಯಿಗೆ ಇನ್ನು ಯಾರಿಂದಲೋ. ಒಬ್ಬೊಬ್ಬರ ಮೈ ಒಂದೊಂದು ತರ. ನಿಮಗೆ ಈವರೆಗೆ ಏನೂ ಆಗದಿರುವುದೂ ಹಾಗೆಯೇ. ನಿಮ್ಮ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮಗ ಕಮಲೇಶ ಪರೀಕ್ಷೆ ಮಾಡಿಸಬೇಕು. ಅವನಲ್ಲಿದ್ದರೆ ಅವನ ಮಗಳಿಗೂ. ಮಗುವಿನ ಕುತ್ತಿಗೆಯನ್ನು ಏಳೆಂಟು ವರ್ಷದಿಂದಲೇ ನೋಡುತ್ತಾ ಬರಬೇಕು.

“ಅವಳಿಗೆ ಈಗ ಎಂಟು,” ಎಂದ ಗಿರಿಯಪ್ಪ. ಆಮೇಲೆ ತಡೆದು ಕೇಳಿದ. “ಮೇಡಂ, ಐದು ವರ್ಷ ಹಿಂದೆ ಅಕ್ಷಿತಳ ಕುತ್ತಿಗೆಯ ಗಂಟು ತೆಗೆದಾಗ ನನ್ನ ಅಮ್ಮನ ವಿಷಯ, ತಂಗಿಯ ವಿಷಯ ಹೇಳಿದ್ರೆ... ಎಂತಾದ್ರೂ ಬೇರೆ ಆಗ್ತಿತ್ತಾ?”

ಹೆಲನ್ ಎದ್ದು ಅವನಿಗೆ ಒಂದು ಲೋಟ ನೀರು ತಂದುಕೊಟ್ಟರು. ಅವನು ಆ ನೀರನ್ನು ಪೂರ್ತಿ ಕುಡಿದ.

ಮನೆಗೆ ಬಂದಾಗ ಹರಿಣಾಕ್ಷಿ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಕ್ಷಿತ ದಿಂಬಿಗೆ ಒರಗಿ ಕೂತು ಕಿಟಕಿಯ ಕಡೆ ನೋಡುತ್ತಿದ್ದಳು.

“ಬಂತಾ ಪಪ್ಪ?”

“ಎಂತ ಬಂತು? ಇವತ್ತು ಬೋಟುಗಳೇ ಹೋಗಿಲ್ಲ, ಮೀನು ಎಲ್ಲಿಂದ ಬರುವುದು?”

“ಪಪ್ಪ.”

ಬಸ್ಸಿನಲ್ಲಿ ಬರುವಾಗ ಅವನು ಒಂದು ಸುಳ್ಳನ್ನು ಚಂದ ಮಾಡಿ ಜೋಡಿಸಿ ಇಟ್ಟುಕೊಂಡಿದ್ದ. ಅದು ಬಾಯಿಗೆ ಬರಲಿಲ್ಲ. “ನನ್ನದೇ ಅಂತೆ ಮಗಾ,” ಎಂದ.

“ನನಗೆ ಗೊತ್ತಿತ್ತು.” ಅವಳು ತಲೆಗೆ ಕಟ್ಟಿದ್ದ ಸ್ಕಾರ್ಫನ್ನು ಎಳೆದು ತೆಗೆದಳು. ಕೂದಲೆಲ್ಲ ಉದುರಿ ಬೋಳಾಗಿದ್ದ, ದೊಡ್ಡ, ಗುಂಡಗಿನ ತಲೆ. “ಕೂದಲು ಹೋದ ಮೇಲೆ ಕನ್ನಡಿಯಲ್ಲಿ ನಾನು ಕಾಣುವುದೇ ಇಲ್ಲ, ನೀವೇ ಕಾಣುವುದು. ಮೀಸೆ ಒಂದು ಕಮ್ಮಿ.”

ಗಿರಿಯಪ್ಪ ಮಂಚದ ಕಾಲಿನ ಹತ್ತಿರ ನೆಲದಲ್ಲಿ ಕೂತುಬಿಟ್ಟ. “ಬೈಬೇಕಾದ್ರೆ ಬೈ. ಎಷ್ಟು ಬೇಕಾದ್ರೂ ಬೈ.”

“ಯಾರನ್ನು ಬೈಲಿ? ನಿಮ್ಮನ್ನು ಬೈದ್ರೆ ನೀವು ಅಜ್ಜಿಯನ್ನು ಬೈಬೇಕು. ಸಿಂಬೆ ಇಲ್ಲದೆ ಬುಟ್ಟಿ ಹೊತ್ತವಳನ್ನು ಬೈಲಿಕ್ಕೆ ಆಗ್ತದಾ?” ಅವಳ ದನಿ ಅಲ್ಲಿಗೆ ಒಡೆಯಿತು. ಹಿತ್ತಿಲಿನಿಂದ ಬಟ್ಟೆ ಕಲ್ಲಿಗೆ ಬಡಿಯುವ ಸದ್ದು ಬರುತ್ತಿತ್ತು.

“ನನಗೆ ಸಾಯ್ಲಿಕ್ಕೆ ಇಷ್ಟ ಇಲ್ಲ ಪಪ್ಪ,” ಎಂದಳು ಅಕ್ಷಿತ. ಅಷ್ಟು ದಿನದಲ್ಲಿ ಮೊದಲ ಸಲ ಹೇಳಿದ್ದು.

ಅವನು ಎದ್ದು ಅವಳ ಬೋಳು ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡ. ಎಷ್ಟೋ ಹೊತ್ತಿನ ಮೇಲೆ ಅವಳು ಅವನ ಅಂಗಿಯಲ್ಲಿ ಮುಖ ಹುದುಗಿಸಿಕೊಂಡೇ ಮಾತಾಡಿದಳು. “ಮಾನ್ಯಾಳನ್ನು ಕರ್ಕೊಂಡು ಹೋಗಿ. ಅಣ್ಣ ಸಿಟ್ಟು ಮಾಡ್ತಾನೆ, ಅತ್ತಿಗೆ ಒಪ್ಪುವುದೇ ಇಲ್ಲ. ನೀವೇ ಒಪ್ಪಿಸ್ಬೇಕು. ನನ್ನ ಹಾಗೆ ಅವಳಿಗೆ ಲೇಟ್ ಆಗ್ಬಾರ್ದು. ಹೇಳ್ತೀರಲ್ಲ?”

“ನಾಳೆಯೇ ಹೇಳ್ತೇನೆ.”

ಮಾರನೆಯ ದಿನ ಮಾನ್ಯಾ ಶಾಲೆಯ ಹಾಡು ಹೇಳಿಕೊಂಡು ಬಂದು ಅತ್ತೆಯ ಮಂಚ ಹತ್ತಿ ಕೂತಳು. ಅವಳ ಮುಂದೆ ಹೇಳುವುದು ಹೇಗೆ? ಅದರ ಮರುದಿನ ಕಮಲೇಶ ಐಸ್ ತುಂಬಿದ ಮೀನಿನ ಲಾರಿ ತೆಗೆದುಕೊಂಡು ಗೋವಾಕ್ಕೆ ಹೋದ. ಬಂದ ಮೇಲೆ ಸುಸ್ತಾಗಿದ್ದ. ಆಮೇಲೆ ಅಕ್ಷಿತಳಿಗೆ ನೋವು ಹೆಚ್ಚಾಯಿತು. ಗಾಳಿಯಲ್ಲೂ ಅಲೆಯಲ್ಲೂ ಬೋಟು ತಿರುಗಿಸಿ ಹುಡುಗರನ್ನು ದಡ ಸೇರಿಸಿದ ಮನುಷ್ಯನಿಗೆ ಒಂದು ವಾಕ್ಯ ಹೇಳಲು ಧೈರ್ಯ ಬರಲಿಲ್ಲ. ಅಕ್ಷಿತ ದಿನಾ ಕಣ್ಣಿನಲ್ಲೇ ಕೇಳುತ್ತಿದ್ದಳು. ಅವನು ಕಣ್ಣು ತಪ್ಪಿಸುತ್ತಿದ್ದ. ಕೊನೆಗೆ ಅವಳು ಕೇಳುವುದನ್ನು ನಿಲ್ಲಿಸಿದಳು. ಮಾರ್ಫಿನ್ ಹೆಚ್ಚಿಸಿದ ಮೇಲೆ ಕಣ್ಣು ತೆರೆದರೂ ಯಾರನ್ನೂ ನೋಡುತ್ತಿರಲಿಲ್ಲ. ಒಂದು ಮಧ್ಯಾಹ್ನ, ಹರಿಣಾಕ್ಷಿ ಚಮಚದಲ್ಲಿ ಎಳನೀರು ಹಾಕುತ್ತಿರುವಾಗ, ನೀರು ಬಾಯಿಯ ಬದಿಯಿಂದ ಹಾಗೆಯೇ ಹೊರಗೆ ಹರಿಯಿತು.

*

ಮಗಳು ಸತ್ತ ಮನೆಯಲ್ಲಿ ತಂದೆಗೆ ಸೂತಕವಿಲ್ಲ. ನಿಯಮ ಹಾಗೆ, ಅವನದು ಬೇರೆ ಬರಿ. ಈಗಿನ ಕಾಲದಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಹರಿಣಾಕ್ಷಿಯ ಅಕ್ಕ, ಪ್ರಾಯದವಳು, ಪ್ರೀತಿಯಿಂದಲೇ ಬಂದು, “ನಿಮಗೆ ನಡೀತದಲ್ಲ ಭಾವ, ಪಕ್ಕದ ಮನೆಯಲ್ಲಿ ಒಂದು ಮೀನಿನ ಸಾರು ಮಾಡಿಸ್ಲಾ? ಬರೀ ಗಂಜಿಯಲ್ಲಿ ಎಷ್ಟು ದಿನ ಇರ್ತೀರಿ?” ಎಂದಳು. ಬೇಡ ಎಂದ ಗಿರಿಯಪ್ಪ. ಅವಳ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ.

ಉತ್ತರಕ್ರಿಯೆ ಮುಗಿದು, ನೆಂಟರೆಲ್ಲ ಹೊರಟ ಮೇಲೆ, ಚಾಪೆ ಸುತ್ತಿ ಇಡುತ್ತಿದ್ದ ಕಮಲೇಶನನ್ನು ಅವನು ಕರೆದ. ಸೊಸೆ ಅಶ್ಮಿತಾ ಪಾತ್ರೆ ಒರೆಸುತ್ತಿದ್ದಳು, ಹರಿಣಾಕ್ಷಿ ಗೋಡೆಗೆ ಒರಗಿ ಕೂತಿದ್ದಳು. ಮಾನ್ಯಾ ಹೊರಗೆ ಆಡುತ್ತಿದ್ದಳು. ಗಿರಿಯಪ್ಪ ನಿಂತುಕೊಂಡೇ ಎಲ್ಲ ಹೇಳಿದ. ತನ್ನ ತಾಯಿ, ತನ್ನ ತಂಗಿ, ತನ್ನ ರಕ್ತ, ಹೆಲನ್ ಹೇಳಿದ್ದು, ಅಕ್ಷಿತ ಕೇಳಿಕೊಂಡದ್ದು.

“ಯಾವಾಗ ಗೊತ್ತಾದದ್ದು ನಿಮಗೆ?” ಎಂದ ಕಮಲೇಶ.

“ಎರಡು ತಿಂಗಳಾಯ್ತು.”

“ಎರಡು ತಿಂಗಳಿಂದ ಬಾಯಿ ಮುಚ್ಚಿ ಕೂತಿದ್ರಾ? ದಿನಾ ನನ್ನ ಎದುರಲ್ಲೇ ಊಟ ಮಾಡ್ತಿದ್ರಲ್ಲ ಪಪ್ಪ. ದಿನಾ.”

ಅಶ್ಮಿತಾ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. “ಅದು ನಿಮ್ಮ ಕಡೆಯದ್ದು ಮಾವ. ಮಾನ್ಯಾ ನಮ್ಮ ಬರಿ, ಮೆಂಡನ್. ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ. ಅವಳಿಗೆ ಹೇಗೆ ಬರ್ತದೆ? ಸುಮ್ಮನೆ ಮಗುವಿನ ಮೇಲೆ ಇಲ್ಲದ ಹೆಸರು ಹಾಕ್ಬೇಡಿ.”

“ಅಕ್ಷಿತ ಸಾಲಿಯಾನ್ ಅಲ್ವಾ ಮಗಾ,” ಎಂದ ಗಿರಿಯಪ್ಪ. “ಅವಳಿಗೆ ಹೇಗೆ ಬಂತು?”

ಹೊರಗಿನಿಂದ ಮಾನ್ಯಾಳ ಕೂಗು ಕೇಳಿತು. ಯಾರಿಗೋ ಔಟ್ ಎನ್ನುತ್ತಿದ್ದಳು. ಅಶ್ಮಿತಾ ಆ ಕಡೆ ತಿರುಗಿ ಮಗುವಿನ ತಲೆಯನ್ನು ನೋಡಿದಳು, ಹೊಸದಾಗಿ ಕಂಡವಳಂತೆ. ಆಮೇಲೆ ಎದ್ದು ಒಳಗೆ ಹೋದಳು. ಕಮಲೇಶ ಚಾಪೆಯನ್ನು ಗೋಡೆಗೆ ಬಿಸಾಡಿ ಹೊರಗೆ ನಡೆದ.

ಹರಿಣಾಕ್ಷಿ ಮಾತ್ರ ಅಲ್ಲಾಡಲಿಲ್ಲ. ಬಹಳ ಹೊತ್ತಿನ ಮೇಲೆ ಅವಳ ದನಿ ಬಂತು, ಮಾರ್ಕೆಟಿನ ದನಿಯಲ್ಲ, ಪಕ್ಕದಲ್ಲಿದ್ದವರಿಗೂ ಕೇಳದಂಥದ್ದು.

“ನನ್ನ ಹತ್ತಿರ ಕೇಳಿದ್ರು. ಕುತ್ತಿಗೆಯ ಗಂಟು ತೆಗೆಯುವಾಗಲೂ ಕೇಳಿದ್ರು. ಯಾರಿಗೂ ಇಲ್ಲ ಅಂತ ನಾನು ಹೇಳಿದ್ದು. ನಿಮ್ಮ ಅಮ್ಮ, ಹೇಮಾಕ್ಷಿ... ನನಗೆ ನೆನಪಿಗೇ ಬರ್ಲಿಲ್ಲ. ದೇವರಾಣೆ, ಮುಚ್ಚಿಟ್ಟದ್ದಲ್ಲ.”

“ಗೊತ್ತುಂಟು.”

“ಹೇಳಿದ್ರೆ ಅವಳು ಬದುಕ್ತಿದ್ಲಾ? ನೀವು ಆ ಮೇಡಂ ಹತ್ತಿರ ಕೇಳಿದ್ರಾ?”

ಗಿರಿಯಪ್ಪನಿಗೆ ಆ ಲೋಟದ ನೀರಿನ ರುಚಿ ಬಾಯಿಗೆ ಬಂತು. “ಕೇಳಿದ್ದೆ,” ಎಂದ. “ಏನೂ ಬೇರೆ ಆಗ್ತಿರ್ಲಿಲ್ಲ ಅಂದ್ರು. ನೀನು ಮಂಡೆಬಿಸಿ ಮಾಡ್ಬೇಡ.”

ಹರಿಣಾಕ್ಷಿ ಅವನ ಮುಖವನ್ನು ನೋಡಿದಳು. ನಂಬಿದಳೋ ಇಲ್ಲವೋ, ತಲೆಯಾಡಿಸಿದಳು. ಆ ದಿನದಿಂದ ಅವಳು ಬಾಲಯೇಸುವಿನ ಹತ್ತಿರವೂ ಹೋಗಲಿಲ್ಲ, ದೈವಕ್ಕೆ ಎಣ್ಣೆಯನ್ನೂ ಕೊಡಲಿಲ್ಲ.

*

ಕಮಲೇಶ ತಂದೆಯ ಜೊತೆ ಮಾತು ಬಿಟ್ಟ. ಬೇಕಾದದ್ದನ್ನು ತಾಯಿಯ ಮೂಲಕ ಹೇಳಿಸುತ್ತಿದ್ದ. ಆದರೆ ಒಬ್ಬನೇ ಹೋಗಿ ರಕ್ತ ಕೊಟ್ಟು ಬಂದ. ಅವನಲ್ಲಿಯೂ ಇತ್ತು. ಆಮೇಲೆ ಮಾನ್ಯಾಳದು ಕಳಿಸಿದರು. ಆ ವರದಿಗೆ ಕಾಯುತ್ತಿದ್ದಾಗ ಗಿರಿಯಪ್ಪ ಬಲೆಯ ಕೆಲಸಕ್ಕೆ ಕೂತರೆ ಅದೇ ಕಣ್ಣನ್ನು ಹೆಣೆದು, ಬಿಚ್ಚಿ, ಮತ್ತೆ ಹೆಣೆಯುತ್ತಿದ್ದ. ಅರ್ಧಕ್ಕರ್ಧ ಎಂದಿದ್ದರಲ್ಲ ಹೆಲನ್. ಆ ಉಳಿದ ಅರ್ಧವನ್ನು ಅವನು ಹಿಡಿದುಕೊಂಡು ಕೂತಿದ್ದ.

ಆ ಅರ್ಧ ಅವನ ಕೈಗೆ ಸಿಗಲಿಲ್ಲ; ಮಾನ್ಯಾಳಲ್ಲೂ ಇತ್ತು. ಅಶ್ಮಿತಾ ವರದಿ ಕೇಳಿದ ದಿನ ಮಗಳಿಗೆ ಎಣ್ಣೆ ಹಾಕಿ ಸ್ನಾನ ಮಾಡಿಸಿದಳು, ಬಚ್ಚಲ ಬಾಗಿಲು ಹಾಕಿಕೊಂಡು, ತುಂಬಾ ಹೊತ್ತು.

ಮೊದಲ ಸ್ಕ್ಯಾನಿನ ದಿನ ಕಮಲೇಶ ಮಗಳನ್ನು ಕಾರಿನಲ್ಲಿ ಹಿಂದೆ ಕೂರಿಸಿದ. ಗಿರಿಯಪ್ಪ ಕರೆಯದಿದ್ದರೂ ಹೋಗಿ ಅವಳ ಪಕ್ಕ ಕೂತ. ಬೇಡ ಎಂದು ಕಮಲೇಶ ಹೇಳಲಿಲ್ಲ. ಕೊಡಿಯಾಲ್‌ಬೈಲಿನ ಟ್ರಾಫಿಕ್ಕಿನಲ್ಲಿ ನಿಂತಾಗ ಮಾನ್ಯಾ ಕೇಳಿದಳು.

“ಅಜ್ಜ, ನನಗೂ ಅತ್ತೆಯ ಹಾಗೆ ಆಗ್ತದಾ?”

ಮುಂದಿನ ಸೀಟಿನಲ್ಲಿದ್ದ ಕಮಲೇಶ ಕನ್ನಡಿಯಲ್ಲಿ ಹಿಂದೆ ನೋಡಿದ. ಗಿರಿಯಪ್ಪನಿಗೆ ತಮಾಷೆ ಯಾವುದೂ ಹೊಳೆಯಲಿಲ್ಲ, ಹೊಳೆದಿದ್ದರೂ ಹೇಳುತ್ತಿರಲಿಲ್ಲ.

“ಗೊತ್ತಿಲ್ಲ ಮಗಾ. ಆಗ್ಬಾರ್ದು ಅಂತಲೇ ನೋಡುವುದು. ಅತ್ತೆಯನ್ನು ಯಾರೂ ಮೊದಲೇ ನೋಡ್ಲಿಲ್ಲ. ನಿನ್ನನ್ನು ವರ್ಷ ವರ್ಷ ನೋಡ್ತಾರೆ.”

“ನೋವಾಗ್ತದಾ?”

“ಇಲ್ಲ. ಕುತ್ತಿಗೆಗೆ ಒಂದು ಅಂಟು ಹಚ್ತಾರೆ, ತಣ್ಣಗೆ ಇರ್ತದೆ. ಮೊನ್ನೆ ನನಗೂ ಹಚ್ಚಿದ್ರು.”

“ನಿಮಗೂ ಮಾಡ್ತಾರಾ?”

“ನನಗೂ. ನಿನ್ನ ಪಪ್ಪನಿಗೂ.”

ಅವಳು ಸ್ವಲ್ಪ ಯೋಚಿಸಿ, ಸಮಾಧಾನವಾದವಳಂತೆ ಕಿಟಕಿಯ ಹೊರಗೆ ನೋಡತೊಡಗಿದಳು. ಕಾರು ಮುಂದೆ ಹೋಯಿತು.

ಸ್ಕ್ಯಾನಿನ ಕೋಣೆಯ ಬಾಗಿಲಲ್ಲಿ ಒಬ್ಬರೇ ಒಳಗೆ ಬರಬೇಕು ಎಂದರು. ಮಾನ್ಯಾ ಚಪ್ಪಲಿ ಕಳಚಿ, ಹಿಂದೆ ತಿರುಗದೆ, ಆಯಾಳ ಕೈ ಹಿಡಿದು ಒಳಗೆ ಹೋದಳು. ಗಿರಿಯಪ್ಪ ಆ ಚಪ್ಪಲಿಗಳನ್ನು ಎತ್ತಿಕೊಂಡು ಕಾಯುವ ಕುರ್ಚಿಯಲ್ಲಿ ಕೂತ. ಕಮಲೇಶ ಕಾರಿಡಾರಿನ ಆ ತುದಿಯಲ್ಲಿ, ಕಿಟಕಿಯ ಹತ್ತಿರ ಫೋನು ನೋಡುತ್ತಾ ನಿಂತಿದ್ದ. ಸ್ಕ್ರೀನು ಕಪ್ಪಾಗಿತ್ತು.

ಸ್ವಲ್ಪ ಹೊತ್ತು ಕಳೆಯಿತು. ಕಮಲೇಶ ಬಂದು, ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು, ಕೂತ. ಎದುರಿನ ಗೋಡೆಯನ್ನು ನೋಡಿಕೊಂಡು ಹೇಳಿದ.

“ಒಳಗೆ ಎ.ಸಿ. ಜೋರು ಉಂಟು. ಅವಳಿಗೆ ಚಳಿ ಆಗ್ತದೆ.”

“ನನ್ನ ಶಾಲು ಕೊಟ್ಟು ಕಳಿಸಿದ್ದೇನೆ,” ಎಂದ ಗಿರಿಯಪ್ಪ.

ಕಮಲೇಶ ಸರಿ ಎನ್ನುವ ಹಾಗೆ ತಲೆ ಆಡಿಸಿದ. ಬಾಗಿಲಿನ ಮೇಲಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.